ಉಸುಕಿನ ಮೇಲೆ ಜಾರುವ ಮುನ್ನ ಒಂದು ಪಾಠ

ನಮ್ಮ ಮನೆಯಲ್ಲಿ ಅದಕ್ಕೆ ರೇತಿ ಎನ್ನುತ್ತಾರೆ. ಓಣಿಯಲ್ಲಿ ಉಸುಕು. ಪಠ್ಯಪುಸ್ತಕದಲ್ಲಿ ಮರಳು. ಈ ಲೇಖನದಲ್ಲಿ ನಾನು ಉಸುಕು ಎಂದೇ ಬರೆಯುತ್ತೇನೆ. ಬಸವಕಲ್ಯಾಣದ ಗೆಳೆಯರಿಗೂ ಹುಮನಾಬಾದಿನ ಗೆಳೆಯರಿಗೂ ಮೊದಲು ಬಾಯಿಗೆ ಬರುವ ಮಾತು ಅದೇ.

ಕಳೆದ ದಸರಾ ರಜೆಯಲ್ಲಿ ನಾವು ನಾಲ್ಕು ಜನ ಗೆಳೆಯರು ಮೊದಲ ಸಲ ಉಸುಕಿನ ದಿಬ್ಬದ ಮೇಲಿಂದ ಹಲಗೆಯ ಮೇಲೆ ಜಾರಿದೆವು. ನಿಂತು ಜಾರುವುದಕ್ಕೆ ಸ್ಯಾಂಡ್‌ಬೋರ್ಡಿಂಗ್ ಎನ್ನುತ್ತಾರೆ, ಕುಳಿತು ಜಾರುವುದಕ್ಕೆ ಸ್ಯಾಂಡ್ ಸ್ಲೆಡ್ಡಿಂಗ್. ಮೊಬೈಲಿನಲ್ಲಿ ಇದರ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ವಿಡಿಯೋದಲ್ಲಿ ಕಾಣುವುದು ಇಳಿಯುವುದು ಮಾತ್ರ. ದಿಬ್ಬ ಯಾಕೆ ಅಷ್ಟೇ ಓರೆಯಾಗಿದೆ, ಹಲಗೆ ಯಾಕೆ ಜಾರುತ್ತದೆ, ಯಾವ ಇಳಿಜಾರನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂಬುದು ಅದರಲ್ಲಿ ಇರುವುದಿಲ್ಲ. ರಜೆ ಮುಗಿಸಿ ಬಂದ ಮೇಲೆ ನಮ್ಮ ಓಣಿಯ ಚಿಕ್ಕ ಹುಡುಗರು ಕೇಳಿದ ಒಂದು ಪ್ರಶ್ನೆಯಿಂದಾಗಿ ಇದನ್ನು ಬರೆಯಲೇಬೇಕು ಅನ್ನಿಸಿತು. ಆ ಪ್ರಶ್ನೆ ಕೊನೆಯ ಭಾಗದಲ್ಲಿ ಬರುತ್ತದೆ. ಅದಕ್ಕೆ ಮೊದಲು ಸ್ವಲ್ಪ ಲೆಕ್ಕ ಕಲಿಯೋಣ. ನಾನು ವಾಣಿಜ್ಯ ವಿಭಾಗದವನು. ನನಗೆ ಅರ್ಥವಾದ ಮೇಲೆ ನಿಮಗೆಲ್ಲರಿಗೂ ಅರ್ಥವಾಗುತ್ತದೆ.

1. ಉಸುಕಿಗೆ ತನ್ನದೇ ಒಂದು ಕೋನವಿದೆ

ಊರಿಗೆ ಹೊರಡುವ ಮೊದಲು ನಾವು ಮನೆಯ ಮಾಳಿಗೆಯ ಮೇಲೆ ಒಂದು ಪ್ರಯೋಗ ಮಾಡಿದೆವು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯವರನ್ನು ಕೇಳಿ ನಾಲ್ಕು ಬುಟ್ಟಿ ಉಸುಕು ತಂದು, ಜರಡಿ ಹಿಡಿದು, ಎರಡು ದಿನ ಬಿಸಿಲಿಗೆ ಒಣಗಿಸಿದೆವು. ನಂತರ ಎರಡು ಬುಟ್ಟಿ ಉಸುಕನ್ನು ಒಂದೇ ಜಾಗಕ್ಕೆ ನಿಧಾನವಾಗಿ ಸುರಿದೆವು. ಗೋಪುರದ ಆಕಾರದ ಗುಡ್ಡೆಯಾಯಿತು. ಅಳೆದರೆ ಬುಡದ ಅಗಲ 60 ಸೆಂಟಿಮೀಟರ್, ಎತ್ತರ 20 ಸೆಂಟಿಮೀಟರ್. ಅದರ ಮೇಲೆಯೇ ಉಳಿದ ಎರಡು ಬುಟ್ಟಿ ಸುರಿದೆವು. ಅಗಲ 75, ಎತ್ತರ 25.

ಈಗ ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿ ನೆನಪು ಮಾಡಿಕೊಳ್ಳಿ. ಎತ್ತರವನ್ನು ಬುಡದ ಅರ್ಧ ಅಗಲದಿಂದ ಭಾಗಿಸಿದರೆ ಇಳಿಜಾರಿನ ಕೋನದ ಟ್ಯಾನ್ ಬೆಲೆ ಸಿಗುತ್ತದೆ. 20ನ್ನು 30ರಿಂದ ಭಾಗಿಸಿದರೆ 0.67. 25ನ್ನು 37.5ರಿಂದ ಭಾಗಿಸಿದರೂ 0.67. ಅಂದರೆ ಸುಮಾರು 34 ಡಿಗ್ರಿ. ಉಸುಕು ಎರಡು ಪಟ್ಟಾದರೂ ಕೋನ ಬದಲಾಗಲಿಲ್ಲ. ಇನ್ನೊಂದು ಹಿಡಿ ಮೇಲೆ ಹಾಕಿದರೆ ಅದು ಅಲ್ಲಿ ನಿಲ್ಲದೆ ಸರ್ರನೆ ಕೆಳಗೆ ಹರಿದು ಗುಡ್ಡೆಯನ್ನು ಅಗಲ ಮಾಡುತ್ತದೆ, ಚೂಪು ಮಾಡುವುದಿಲ್ಲ.

ಒಣ ಉಸುಕು ತಾನಾಗಿ ನಿಲ್ಲುವ ಈ ಕೋನ ಸಾಮಾನ್ಯವಾಗಿ 30ರಿಂದ 35 ಡಿಗ್ರಿಯ ಒಳಗೆ ಇರುತ್ತದೆ. ಮಾಳಿಗೆಯ ಮೇಲಿನ ಗುಡ್ಡೆಗೂ ಅದೇ ನಿಯಮ, ರಾಜಸ್ಥಾನದ ದಿಬ್ಬಕ್ಕೂ ಅದೇ, ಅರಬ್ ದೇಶಗಳ ನೂರಾರು ಅಡಿ ಎತ್ತರದ ದಿಬ್ಬಕ್ಕೂ ಅದೇ. ನಮ್ಮ ವಿಜ್ಞಾನ ವಿಭಾಗದ ಗೆಳೆಯ ಇದನ್ನು ವಿಶ್ರಾಂತಿ ಕೋನ ಎಂದ. ನಾನು ನೆನಪಿಗೆ ಸುಲಭವಾಗಲಿ ಎಂದು ‘ಉಸುಕು ಒಪ್ಪಿಕೊಂಡ ಕೋನ’ ಎಂದು ಬರೆದುಕೊಂಡೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನೇ ಇಡಿ.

2. ಹಲಗೆ ಯಾಕೆ ಜಾರುತ್ತದೆ

ಅದೇ ಉಸುಕನ್ನು ಒಂದು ದೊಡ್ಡ ತಟ್ಟೆಯಲ್ಲಿ ಹರಡಿ ಅದರ ಮೇಲೆ ರಟ್ಟಿನ ತುಂಡೊಂದನ್ನು ಇಟ್ಟು ತಟ್ಟೆಯ ಒಂದು ಬದಿಯನ್ನು ಮೆಲ್ಲಗೆ ಎತ್ತುತ್ತಾ ಹೋದೆವು. ರಟ್ಟು ಅಲುಗಲಿಲ್ಲ. ಕೊನೆಗೆ ಉಸುಕೇ ಹರಿಯತೊಡಗಿದಾಗ ಅದರ ಜೊತೆಗೆ ಕೆಳಗೆ ಬಂತು. ನಂತರ ಸನ್‌ಮೈಕಾ ತುಂಡು ಇಟ್ಟೆವು. ಅದು ಬೇಗ ಜಾರಿತು. ಸನ್‌ಮೈಕಾದ ನುಣುಪು ಬದಿಗೆ ಮೇಣದಬತ್ತಿ ಉಜ್ಜಿ ಇಟ್ಟಾಗ ಇನ್ನೂ ಬೇಗ ಜಾರಿತು.

ಇದರಿಂದ ತಿಳಿಯುವುದು ಇಷ್ಟು. ಇಳಿಜಾರಿನ ಟ್ಯಾನ್ ಬೆಲೆ ಹಲಗೆ ಮತ್ತು ಉಸುಕಿನ ನಡುವಿನ ಘರ್ಷಣೆಗಿಂತ ಹೆಚ್ಚಾದರೆ ಹಲಗೆ ಹೊರಡುತ್ತದೆ. ಆದರೆ ಇಳಿಜಾರನ್ನು ಬೇಕಾದಷ್ಟು ಹೆಚ್ಚಿಸಲು ಬರುವುದಿಲ್ಲ, ಏಕೆಂದರೆ 34 ಡಿಗ್ರಿ ದಾಟಿದರೆ ಉಸುಕೇ ನಿಲ್ಲುವುದಿಲ್ಲ. ಆದ್ದರಿಂದ ಆಟವೆಲ್ಲ ಎರಡು ಕೋನಗಳ ನಡುವೆ ಇದೆ. ಹಲಗೆ ಜಾರಲು ಬೇಕಾದ ಕೋನ ಕೆಳಗಿನದು, ಉಸುಕು ಒಪ್ಪಿಕೊಂಡ ಕೋನ ಮೇಲಿನದು. ಹಿಮದ ಮೇಲೆ ಘರ್ಷಣೆ ಬಹಳ ಕಡಿಮೆ. ಅಲ್ಲಿ ಸಣ್ಣ ಇಳಿಜಾರಿನಲ್ಲೂ ಜಾರಬಹುದು. ಉಸುಕಿನಲ್ಲಿ ಆ ಸೌಲಭ್ಯವಿಲ್ಲ. ಕಡಿದಾದ ಬದಿಯೇ ಬೇಕು, ಗಟ್ಟಿ ನುಣುಪಿನ ತಳವೇ ಬೇಕು, ಮೇಣವೂ ಬೇಕು. ಹಿಮದ ಹಲಗೆಯ ತಳ ಮೆತ್ತಗಿನ ಪ್ಲಾಸ್ಟಿಕ್. ಉಸುಕಿನ ಹಲಗೆಗೆ ಸನ್‌ಮೈಕಾದಂಥ ಗಟ್ಟಿ ಹಾಳೆ ಅಂಟಿಸುವುದು ಇದೇ ಕಾರಣಕ್ಕೆ.

ನೀರಿನ ವಿಷಯವೂ ಸ್ವಾರಸ್ಯಕರ. ಈಜಿಪ್ಟಿನಲ್ಲಿ ಜೆಹುತಿಹೊಟೆಪ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಅದು ಸುಮಾರು ಕ್ರಿ.ಪೂ. 1900ರ ಕಾಲದ್ದು. ನೂರಾರು ಜನ ಒಂದು ದೊಡ್ಡ ವಿಗ್ರಹವನ್ನು ಜಾರುಹಲಗೆಯ ಮೇಲಿಟ್ಟು ಎಳೆಯುತ್ತಿದ್ದಾರೆ. ಹಲಗೆಯ ಮುಂತುದಿಯಲ್ಲಿ ನಿಂತ ಒಬ್ಬ ಉಸುಕಿಗೆ ನೀರು ಹೊಯ್ಯುತ್ತಿದ್ದಾನೆ. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿ ನೋಡಿದರು. ಸರಿಯಾದ ಪ್ರಮಾಣದಲ್ಲಿ ನೀರು ಬಿದ್ದರೆ ಎಳೆಯಲು ಬೇಕಾದ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಕಂಡುಬಂತು. ಕಣ ಕಣದ ನಡುವೆ ನೀರು ಸಣ್ಣ ಸೇತುವೆಯಂತೆ ನಿಂತು ಉಸುಕನ್ನು ಬಿಗಿ ಮಾಡುತ್ತದೆ. ಹಲಗೆಯ ಮುಂದೆ ಉಸುಕು ಗುಡ್ಡೆಯಾಗುವುದಿಲ್ಲ. ನೀರು ಹೆಚ್ಚಾದರೆ ಈ ಸೇತುವೆಗಳು ಕರಗಿ ಲಾಭವೂ ಹೋಗುತ್ತದೆ. ಈ ನೀರಿನ ಸೇತುವೆಯ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬೇಕಾಗುತ್ತದೆ.

3. ನಮ್ಮಲ್ಲಿ ದಿಬ್ಬ ಯಾಕಿಲ್ಲ

ಬೀದರ್ ಜಿಲ್ಲೆಯ ಕೆಳಗೆ ಇರುವುದು ದಖ್ಖನ್ನಿನ ಕಪ್ಪು ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಆರಿ ಕಲ್ಲಾದದ್ದು. ಅದು ಸವೆದು ಕಪ್ಪು ಎರೆಮಣ್ಣಾಯಿತು. ಎತ್ತರದ ಜಾಗಗಳಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಾಯಿತು. ನಾವು ರಸ್ತೆಗೆ, ಮನೆಯ ತಳಕ್ಕೆ ಹಾಕುವ ಮುರುಮ್ ಈ ಕಲ್ಲು ಮಣ್ಣುಗಳ ಪುಡಿ. ಉಸುಕಿನ ದಿಬ್ಬವಾಗಲು ಮೂರು ಬೇಕು: ಸಡಿಲವಾದ ಒಣ ಉಸುಕು, ಒಂದೇ ದಿಕ್ಕಿನಿಂದ ಬಹುಕಾಲ ಬೀಸುವ ಗಾಳಿ, ಅದನ್ನು ಹಿಡಿದಿಡುವ ಹುಲ್ಲು ಮರ ಇಲ್ಲದ ಬಯಲು. ನಮ್ಮಲ್ಲಿ ಗಾಳಿ ಇದೆ. ಎರೆಮಣ್ಣು ಮಳೆ ಬಂದರೆ ಅಂಟುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಆದರೆ ದಿಬ್ಬವಾಗಿ ಹರಿದಾಡುವುದಿಲ್ಲ.

ಕರ್ನಾಟಕದಲ್ಲಿ ಉಸುಕಿನ ದಿಬ್ಬ ಎಂದರೆ ಎಲ್ಲರಿಗೂ ನೆನಪಾಗುವುದು ಮೈಸೂರು ಜಿಲ್ಲೆಯ ತಲಕಾಡು. ಕಾವೇರಿಯ ತಿರುವಿನಲ್ಲಿ ಬಿದ್ದ ಉಸುಕನ್ನು ಗಾಳಿ ಊರ ಮೇಲೆ ತಂದು ಹೊದಿಸಿದೆ. ಅಲ್ಲಿ ಅನೇಕ ಗುಡಿಗಳು ಹೂತುಹೋಗಿದ್ದವು. ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಸೋಲಿಸಿ ಕಟ್ಟಿಸಿದ ಕೀರ್ತಿನಾರಾಯಣ ಗುಡಿಯನ್ನೂ ಉಸುಕು ಸರಿಸಿಯೇ ಹೊರತೆಗೆಯಬೇಕಾಯಿತು. ಅದು ಜಾರಿ ಆಡುವ ಜಾಗವಲ್ಲ. ಅಲ್ಲಿಯ ಉಸುಕಿನ ಕೆಳಗೆ ಇತಿಹಾಸವಿದೆ. ಒಂದು ಊರು ನೋಡನೋಡುತ್ತ ಉಸುಕಿನಲ್ಲಿ ಮುಳುಗಬಹುದು ಎಂಬುದಕ್ಕೆ ನಮ್ಮ ರಾಜ್ಯದ ಸಾಕ್ಷಿ ಅದು.

ಜಾರುವ ಆಟ ನಡೆಯುವುದು ನಿಜವಾದ ಮರುಭೂಮಿಗಳಲ್ಲಿ. ಜೈಸಲ್ಮೇರ್ ಹತ್ತಿರದ ಸಮ್, ದುಬೈ, ಕತಾರ್, ಆಫ್ರಿಕಾದ ನಮೀಬಿಯಾದಲ್ಲಿ ಸ್ವಾಕೋಪ್‌ಮಂಡ್, ದಕ್ಷಿಣ ಅಮೆರಿಕದ ಪೆರುವಿನಲ್ಲಿ ಹುವಾಕಾಚಿನಾ ಇದಕ್ಕೆ ಹೆಸರಾದವು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅಣ್ಣಂದಿರು, ಮಾಮೂಗಳು ಅರಬ್ ದೇಶಗಳಲ್ಲಿ ದುಡಿಯುತ್ತಾರೆ. ಅವರು ಕಳಿಸುವ ಫೋಟೋಗಳಲ್ಲಿ ಈ ದಿಬ್ಬಗಳನ್ನು ನೋಡಿದ್ದೇವೆ. ವಾಣಿಜ್ಯದ ವಿದ್ಯಾರ್ಥಿಗಳಿಗೆ ಇಲ್ಲೊಂದು ಸೋಜಿಗವಿದೆ. ಕಣ್ಣು ಹಾಯಿಸಿದಷ್ಟು ದೂರ ಉಸುಕಿರುವ ಆ ದೇಶಗಳೇ ಕಟ್ಟಡಕ್ಕೆ ಹೊರಗಿನಿಂದ ಉಸುಕು ತರಿಸುತ್ತವೆ. ಗಾಳಿಯಲ್ಲಿ ಉಜ್ಜಿ ಉಜ್ಜಿ ಮರುಭೂಮಿಯ ಕಣ ದುಂಡಗೆ, ನಯವಾಗಿ, ಒಂದೇ ಅಳತೆಗೆ ಬಂದಿರುತ್ತದೆ. ಸಿಮೆಂಟಿನಲ್ಲಿ ಕಣಗಳು ಒಂದಕ್ಕೊಂದು ಕಚ್ಚಿ ಹಿಡಿಯಲು ಮೂಲೆಗಳಿರುವ ಕಣ ಬೇಕು. ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಉಸುಕು ಮತ್ತು ಜಲ್ಲಿ ಬಳಸುತ್ತದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರ ವರದಿಯಲ್ಲಿ ಹೇಳಿದೆ. ಆದ್ದರಿಂದ ‘ಉಸುಕಿನಷ್ಟು ಅಗ್ಗ’ ಎನ್ನುವ ಹಾಗಿಲ್ಲ.

4. ಹಲಗೆ ತಯಾರಿ ಮತ್ತು ಅದರ ಲೆಕ್ಕ

ನಮ್ಮ ಎರಡು ಮನೆಯವರು ಸೇರಿ ಅಜ್ಮೀರ್‌ಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅಜ್ಮೀರ್‌ನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ, ಗುಡ್ಡದ ಆಚೆ ಪುಷ್ಕರ ಇದೆ. ಒಂಟೆಗಳ ಜಾತ್ರೆಗೆ ಹೆಸರಾದ ಊರು. ಅದರ ಅಂಚಿನಲ್ಲಿ ಚಿಕ್ಕ ಉಸುಕಿನ ದಿಬ್ಬಗಳಿವೆ. ಜೈಸಲ್ಮೇರ್ ಬಹಳ ದೂರ, ಖರ್ಚೂ ಹೆಚ್ಚು. ಪುಷ್ಕರ ಸಾಕು ಎಂದರು ಅಬ್ಬು.

ಹಲಗೆಯನ್ನು ಬಸವಕಲ್ಯಾಣದಲ್ಲೇ ಮಾಡಿದೆವು. ನಮ್ಮೂರು ಲಾರಿ ಕೆಲಸಕ್ಕೆ ಹೆಸರಾದದ್ದು. ನಮ್ಮಲ್ಲಿ ಒಬ್ಬನ ತಂದೆ ಲಾರಿಯ ಬಾಡಿ ಕಟ್ಟುವ ಬಡಗಿ. ಅವರ ಬಳಿ ಉಳಿದ ಪ್ಲೈವುಡ್ ತುಂಡುಗಳಿಂದ ಎರಡು ಹಲಗೆ ಕತ್ತರಿಸಿದರು. ಒಂದು ನಿಲ್ಲಲು, ಉದ್ದ ಮತ್ತು ಕಿರಿದು. ಇನ್ನೊಂದು ಕೂರಲು, ಗಿಡ್ಡ ಮತ್ತು ಅಗಲ. ಎರಡರ ಮುಂತುದಿಯನ್ನೂ ಸ್ವಲ್ಪ ಮೇಲಕ್ಕೆ ಎತ್ತಿದರು. ಇಲ್ಲದಿದ್ದರೆ ಮೂತಿ ಉಸುಕಿಗೆ ಹೂತುಕೊಂಡು ಕೂತವನು ಮುಂದೆ ಹಾರುತ್ತಾನೆ. ತಳಕ್ಕೆ ಸನ್‌ಮೈಕಾ, ಕಾಲು ಹಿಡಿಯಲು ಹಳೆಯ ಟ್ಯೂಬಿನ ಪಟ್ಟಿ.

ಖರ್ಚು ಹೀಗಿತ್ತು. ಸನ್‌ಮೈಕಾ 180 ರೂಪಾಯಿ, ಫೆವಿಕಾಲ್ 60, ಸ್ಕ್ರೂ 30, ಮೇಣದಬತ್ತಿ 20. ಒಟ್ಟು 290. ‘ಪ್ಲೈವುಡ್ ಪುಕ್ಕಟೆ’ ಎಂದ ನಮ್ಮವನೊಬ್ಬ. ನಾನು ಒಪ್ಪಲಿಲ್ಲ. ಅದೇ ತುಂಡನ್ನು ಅಂಕಲ್ ಬೇರೆಯವರಿಗೆ ಮಾರಿದ್ದರೆ 250 ಬರುತ್ತಿತ್ತು. ಕೈಯಿಂದ ಹಣ ಹೋಗದಿದ್ದರೂ ಬಿಟ್ಟುಕೊಟ್ಟ ಲಾಭವೂ ವೆಚ್ಚವೇ. ಅರ್ಥಶಾಸ್ತ್ರದ ಮೇಡಂ ಕಲಿಸಿದ ಅವಕಾಶ ವೆಚ್ಚ ಎಂದರೆ ಇದೇ. ಹಾಗಾಗಿ ನನ್ನ ಪುಸ್ತಕದಲ್ಲಿ ಒಟ್ಟು 540 ಎಂದು ಬರೆದೆ. ಅಂಕಲ್ ಅವರ ಕೂಲಿಯನ್ನು ಲೆಕ್ಕಕ್ಕೆ ಹಿಡಿಯಲು ಹೋದಾಗ ಅವರು ಗದರಿಸಿದರು. ‘ಬಚ್ಚೋಂಕಾ ಖೇಲ್ ಹೈ, ಅದರ ಕೂಲಿ ಬರಕೋತೀಯೇನೋ?’ ಎಂದರು. ಆ ಸಾಲನ್ನು ಖಾಲಿ ಬಿಟ್ಟೆ.

5. ದಿಬ್ಬದ ಮೇಲೆ

ದಿಬ್ಬಕ್ಕೆ ಎರಡು ಮಗ್ಗುಲು ಇರುತ್ತವೆ. ಗಾಳಿ ಬೀಸಿ ಬರುವ ಕಡೆ ಇಳಿಜಾರು ಸಣ್ಣದು, ಸುಮಾರು 10ರಿಂದ 15 ಡಿಗ್ರಿ, ಉಸುಕೂ ಗಟ್ಟಿ. ಗಾಳಿ ಮರೆಯಾಗುವ ಕಡೆ ಉಸುಕು ತಲೆಯಿಂದ ಸುರಿದು ಬೀಳುವುದರಿಂದ ಅದು ಒಪ್ಪಿಕೊಂಡ ಕೋನದಲ್ಲೇ ಇರುತ್ತದೆ, ಸಡಿಲವಾಗಿಯೂ ಇರುತ್ತದೆ. ಗಟ್ಟಿ ಮಗ್ಗುಲಿನಿಂದ ಹತ್ತಬೇಕು, ಸಡಿಲ ಮಗ್ಗುಲಿನಿಂದ ಇಳಿಯಬೇಕು. ಅಲ್ಲಿ ಒಂಟೆ ಕಟ್ಟಿಕೊಂಡು ನಿಂತಿದ್ದ ಚಾಚಾ ಒಬ್ಬರನ್ನು ಕೇಳಿದೆವು. ಯಾವ ದಿಬ್ಬದ ಬುಡದಲ್ಲಿ ಕಲ್ಲಿಲ್ಲ ಎಂದು ಅವರೇ ತೋರಿಸಿದರು. ‘ಬೇಟಾ, ಬಿಸಿಲು ಏರುವುದರೊಳಗೆ ಮುಗಿಸಿ’ ಎಂದರು. ಅವರ ಮಾತು ಸರಿ. ಅಮೆರಿಕದ ಕೊಲರಾಡೋ ರಾಜ್ಯದ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಸಿಗೆಯ ಮಧ್ಯಾಹ್ನ ಉಸುಕಿನ ಮೇಲ್ಮೈ ಸುಮಾರು 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಅಷ್ಟು ಬಿಸಿಗೆ ಚರ್ಮ ಸುಡುತ್ತದೆ.

ಮೊದಲು ಕುಳಿತು ಜಾರಿದೆವು, ಅದೂ ದಿಬ್ಬದ ಅರ್ಧದಿಂದ. ಕೂತಾಗ ಭಾರ ಸ್ವಲ್ಪ ಹಿಂದಕ್ಕೆ ಇರಬೇಕು. ಕಾಲು ಹಲಗೆಯ ಮೇಲೆ, ನೆಲಕ್ಕೆ ತಾಗಬಾರದು. ಎಡಕ್ಕೆ ತಿರುಗಬೇಕಾದರೆ ಎಡಗೈಯನ್ನು ಉಸುಕಿನಲ್ಲಿ ಮೆಲ್ಲಗೆ ಎಳೆಯಬೇಕು. ಬಾಯಿ ಮುಚ್ಚಿರಬೇಕು. ನಮ್ಮಲ್ಲಿ ಒಬ್ಬ ಕಿರುಚುತ್ತ ಇಳಿದು ಬಾಯಿತುಂಬ ಉಸುಕು ತಂದ.

ನಿಂತು ಜಾರುವುದು ಬೇರೆಯೇ ವಿದ್ಯೆ. ಮಂಡಿ ಬಗ್ಗಿಸಿ, ಹಿಂದಿನ ಕಾಲಿನ ಮೇಲೆ ತುಸು ಹೆಚ್ಚು ಭಾರ ಕೊಟ್ಟು, ಕಣ್ಣು ಕಾಲಿನ ಕಡೆ ಅಲ್ಲದೆ ಹೋಗಬೇಕಾದ ಕಡೆ ಇಡಬೇಕು. ಬೀಳುತ್ತೇವೆ ಎಂದು ಗೊತ್ತಾದ ಕೂಡಲೇ ಹಿಂದಕ್ಕೆ ಅಥವಾ ಪಕ್ಕಕ್ಕೆ ಕುಳಿತುಬಿಡಬೇಕು. ಕೈ ಮುಂದೆ ಚಾಚಿ ಬಿದ್ದರೆ ಮಣಿಕಟ್ಟು ಮುರಿಯುತ್ತದೆ. ಉಸುಕು ಮೆತ್ತಗೆ ಎಂದು ಎಲ್ಲರೂ ತಿಳಿಯುತ್ತಾರೆ. ವೇಗದಲ್ಲಿ ಬಿದ್ದವನಿಗೆ ಅದು ಒದ್ದೆ ಗೋಣಿಚೀಲದಷ್ಟು ಗಟ್ಟಿ. ಮನೆಯ ಬೈಕಿನ ಹೆಲ್ಮೆಟ್ ತಂದಿದ್ದೆವು. ಭಾರವಾದರೂ ಅದನ್ನು ತೆಗೆಯಲಿಲ್ಲ. ಪ್ರತಿ ಸಲ ಇಳಿದ ಮೇಲೆ ಹಲಗೆಯ ತಳ ಒರೆಸಿ ಮತ್ತೆ ಮೇಣ ಉಜ್ಜಬೇಕು. ಒಬ್ಬರು ಪೂರ್ತಿ ಕೆಳಗೆ ಹೋಗಿ ಪಕ್ಕಕ್ಕೆ ಸರಿಯುವವರೆಗೆ ಇನ್ನೊಬ್ಬರು ಹೊರಡಬಾರದು.

ನಮ್ಮಲ್ಲಿ ನಾಲ್ಕನೆಯವನು ಜಾರುವುದಿಲ್ಲ ಎಂದ. ಎತ್ತರ ಕಂಡರೆ ಅವನಿಗೆ ಆಗುವುದಿಲ್ಲ. ‘ಡರ್ ಗಯಾ ಕ್ಯಾ ರೇ’ ಎಂದು ಇಬ್ಬರು ನಕ್ಕರು. ಅವನು ನಗಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ‘ಹೌದು, ಹೆದರಿಕೆ. ನಾನು ಕೆಳಗೆ ನಿಂತು ಎಣಿಸ್ತೀನಿ’ ಎಂದು ನನ್ನ ಪುಸ್ತಕ ಪೆನ್ನು ತೆಗೆದುಕೊಂಡು ಹೋದ. ಆರೇಳು ಸಲ ಇಳಿದ ಮೇಲೆ ಅವನು ಕೆಳಗಿನಿಂದ ಎರಡೂ ಕೈ ಎತ್ತಿ ‘ರುಕೋ’ ಎಂದು ಕೂಗಿದ. ಹಲಗೆಯ ಮೇಲೆ ನಿಂತಿದ್ದವನು ನಿಂತಲ್ಲೇ ಕುಳಿತ. ಗಾಳಿಗೆ ಬಂದ ಜಾಲಿಯ ಮುಳ್ಳಿನ ಕೊಂಬೆಯೊಂದು ನಾವು ಇಳಿಯುವ ದಾರಿಯಲ್ಲಿ ಉಸುಕಿನೊಳಗೆ ಅರ್ಧ ಹೂತುಕೊಂಡಿತ್ತು. ಮೇಲಿನಿಂದ ಅದು ಕಾಣುತ್ತಲೇ ಇರಲಿಲ್ಲ. ಅವನು ಎಳೆದು ದೂರ ಎಸೆದ. ಆಮೇಲೆ ಯಾರೂ ನಗಲಿಲ್ಲ. ಕೊನೆಗೆ ಅವನೇ ಕೇಳಿ, ಅರ್ಧ ದಿಬ್ಬದಿಂದ ಕುಳಿತು ಮೂರು ಸಲ ಜಾರಿದ. ಆಗ ಕೆಳಗೆ ನಿಂತು ಕಾಯುವ ಸರದಿ ನನ್ನದಾಯಿತು.

ಗೆಳೆಯರು ಸೇರಿ ಇಂಥ ಆಟಕ್ಕೆ ಹೋದಾಗ ಮೇಲೆ ನಿಂತವರಷ್ಟೇ ಕೆಳಗೆ ನಿಂತವನೂ ಮುಖ್ಯ. ‘ನಾನು ಬರೋದಿಲ್ಲ’ ಎಂದು ನೇರವಾಗಿ ಹೇಳುವವನು ಗುಂಪಿನಲ್ಲಿ ಇದ್ದರೆ ಆ ಗುಂಪು ಹೆಚ್ಚು ಕ್ಷೇಮವಾಗಿರುತ್ತದೆ. ಬಲವಂತದಿಂದ ಹಲಗೆ ಹತ್ತಿದವನು ಮೈ ಬಿಗಿ ಹಿಡಿಯುತ್ತಾನೆ, ಮೈ ಬಿಗಿ ಹಿಡಿದವನು ಕೆಟ್ಟದಾಗಿ ಬೀಳುತ್ತಾನೆ.

6. ಲೆಕ್ಕದ ಎರಡನೆಯ ಪುಟ

ಅವನು ಬರೆದಿಟ್ಟ ಲೆಕ್ಕದ ಪ್ರಕಾರ ಮೂವರು ತಲಾ 11 ಸಲ, ಅವನು 3 ಸಲ, ಒಟ್ಟು 36 ಸಲ ಜಾರಿದ್ದೆವು. ಹಲಗೆಗೆ ಆದ 540 ರೂಪಾಯಿಯನ್ನು 36ರಿಂದ ಭಾಗಿಸಿದರೆ ಒಂದು ಜಾರಿಗೆ 15 ರೂಪಾಯಿ. ಪರವಾಗಿಲ್ಲ.

ಆದರೆ ಸಮಯದ ಲೆಕ್ಕ ಬೇರೆ ಕಥೆ ಹೇಳುತ್ತದೆ. ದಿಬ್ಬ ನಾಲ್ಕೈದು ಆಳೆತ್ತರ. ಇಳಿಯಲು ಸುಮಾರು 5 ಸೆಕೆಂಡು, ಹಲಗೆ ಹೊತ್ತು ಹತ್ತಲು ಸುಮಾರು 3 ನಿಮಿಷ. 36 ಸಲಕ್ಕೆ ಇಳಿದದ್ದು ಒಟ್ಟು 3 ನಿಮಿಷ, ಹತ್ತಿದ್ದು 1 ಗಂಟೆ 48 ನಿಮಿಷ. ಉಸುಕಿನಲ್ಲಿ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತೇವೆ. ಅಲ್ಲಿ ಹಗ್ಗ ಕಟ್ಟಿ ಮೇಲೆಳೆಯುವ ಯಂತ್ರವಿಲ್ಲ. ಈ ಆಟದ ನಿಜವಾದ ಶುಲ್ಕ ಹತ್ತುವುದು. ಅದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ, ಕಾಲುಗಳಲ್ಲಿ ಬರುತ್ತದೆ. ಹೋಗುವವರು ಒಬ್ಬರಿಗೆ ಕನಿಷ್ಠ ಎರಡು ಬಾಟಲಿ ನೀರು ಒಯ್ಯಿರಿ. ಉಬ್ಬಸ ಇರುವವರು ವೈದ್ಯರನ್ನು ಕೇಳದೆ ಹೋಗಬೇಡಿ.

7. ಓಣಿಯ ಹುಡುಗರ ಪ್ರಶ್ನೆ

ಊರಿಗೆ ಮರಳಿದ ಮೇಲೆ ಓಣಿಯ ಹುಡುಗರು ಹಲಗೆ ನೋಡಲು ಬಂದರು. ಆರನೇ ಏಳನೇ ತರಗತಿಯವರು. ಅವರಲ್ಲಿ ಒಬ್ಬ ಕೇಳಿದ: ‘ಭಾಯಿಜಾನ್, ಊರ ಹೊರಗೆ ಮುರುಮ್ ತೆಗೆದ ಗುಂಡಿ ಇದೆಯಲ್ಲ, ಅಲ್ಲಿ ಜಾರಬಹುದಾ? ಅದು ಇದಕ್ಕಿಂತ ದೊಡ್ಡದು.’ ಇನ್ನೊಬ್ಬ ರಸ್ತೆ ಬದಿಯ ಉಸುಕಿನ ದೊಡ್ಡ ರಾಶಿಯನ್ನು ತೋರಿಸಿದ.

ಈ ಪ್ರಶ್ನೆಗೆ ‘ಬೇಡ’ ಎಂದರೆ ಸಾಕಾಗುವುದಿಲ್ಲ. ಬೇಡ ಎಂದದ್ದನ್ನೇ ಮಾಡುವ ವಯಸ್ಸು ಅದು. ಆದ್ದರಿಂದ ಅವರಿಗೆ ಒಂದು ಪ್ರಯೋಗ ತೋರಿಸಿದೆವು. ಬಕೆಟ್ಟಿಗೆ ಸ್ವಲ್ಪ ಒದ್ದೆ ಉಸುಕು ತುಂಬಿ, ಒತ್ತಿ, ಮಾಳಿಗೆಯ ಮೇಲೆ ಬೋರಲು ಹಾಕಿ ಬಕೆಟ್ ಎತ್ತಿದೆವು. ಉಸುಕು ಬಕೆಟ್ಟಿನ ಆಕಾರದಲ್ಲೇ ಗೋಡೆಯಂತೆ ನೇರವಾಗಿ ನಿಂತಿತು. ‘ನೋಡಿ, 34 ಡಿಗ್ರಿ ಅಂದಿರಿ, ಇದು 90 ಇದೆ’ ಎಂದ ಒಬ್ಬ ಜಾಣ. ‘ಮಧ್ಯಾಹ್ನ ಬಾ’ ಎಂದೆವು. ಮಧ್ಯಾಹ್ನದ ಬಿಸಿಲಿಗೆ ಹೊರಮೈ ಒಣಗಿ ಅಂಚುಗಳು ಉದುರಿದ್ದವು. ಹುಡುಗ ಪಕ್ಕದಲ್ಲಿ ಒಮ್ಮೆ ಕಾಲು ಕುಟ್ಟಿದ. ಒಂದು ಬದಿ ಇಡಿಯಾಗಿ ಕುಸಿಯಿತು.

ಎರಡನೆಯ ಭಾಗದಲ್ಲಿ ಹೇಳಿದ ನೀರಿನ ಸೇತುವೆಯ ಕೆಲಸವೇ ಇದು. ಒದ್ದೆ ಇರುವವರೆಗೆ ಅದು ಕಣಗಳನ್ನು ಹಿಡಿದಿರುತ್ತದೆ. ಆಗ ಉಸುಕು, ಮಣ್ಣು, ಮುರುಮ್ ತಾವು ಒಪ್ಪಿಕೊಂಡ ಕೋನಕ್ಕಿಂತ ಹೆಚ್ಚು ಕಡಿದಾಗಿ ನಿಲ್ಲುತ್ತವೆ. ಒಣಗಿದರೆ, ನೀರು ಹೆಚ್ಚಾದರೆ, ಪಕ್ಕದಲ್ಲಿ ಟಿಪ್ಪರ್ ಹಾದು ನೆಲ ಅದುರಿದರೆ, ಮೇಲೆ ಒಬ್ಬ ಹುಡುಗ ನಿಂತರೆ ಆ ಹಿಡಿತ ತಪ್ಪುತ್ತದೆ. ಮುನ್ಸೂಚನೆ ಇರುವುದಿಲ್ಲ.

ಇದೇ ದೊಡ್ಡ ವ್ಯತ್ಯಾಸ. ಮರುಭೂಮಿಯ ದಿಬ್ಬ ಗಾಳಿ ಕಟ್ಟಿದ್ದು. ಬೀಳಬೇಕಾದದ್ದೆಲ್ಲ ಬಿದ್ದು ಉಳಿದ ಇಳಿಜಾರು ಅದು. ಮುರುಮ್ ಗುಂಡಿಯ ಗೋಡೆ ಜೆಸಿಬಿ ಕಡಿದದ್ದು. ಅದರಲ್ಲಿ ಬೀಳಬೇಕಾದದ್ದು ಇನ್ನೂ ಬಾಕಿ ಇದೆ. ರಸ್ತೆ ಬದಿಯ ಉಸುಕಿನ ರಾಶಿಯನ್ನೂ ಸುರಿದಾಗ ನೋಡಿ, ನಾಲ್ಕು ದಿನ ಕೂಲಿಯವರು ಒಂದೇ ಬದಿಯಿಂದ ತೆಗೆದ ಮೇಲೆ ನೋಡಿ. ಒಂದು ಬದಿ ಇಳಿಜಾರು, ಇನ್ನೊಂದು ಬದಿ ಗೋಡೆ. ಆ ಗೋಡೆಯ ಬುಡದಲ್ಲಿ ಮಕ್ಕಳು ಗುಹೆ ತೋಡಿ ಆಡುತ್ತಾರೆ.

ಒಂದು ಘನ ಮೀಟರ್ ಉಸುಕು ಸುಮಾರು 1,600 ಕೆ.ಜಿ. ತೂಗುತ್ತದೆ. ಎದೆಮಟ್ಟ ಹೂತುಹೋದವನು ಉಸಿರು ಬಿಟ್ಟಾಗಲೆಲ್ಲ ಉಸುಕು ಆ ಜಾಗಕ್ಕೆ ಇಳಿದು ಬಿಗಿಯಾಗುತ್ತದೆ, ಮತ್ತೆ ಉಸಿರು ಎಳೆಯಲು ಎದೆ ಅರಳುವುದಿಲ್ಲ. ಕೈ ಹಿಡಿದು ಎಳೆದರೆ ಅವನು ಬರುವುದಿಲ್ಲ, ಸುತ್ತಲಿನದು ಇನ್ನಷ್ಟು ಕುಸಿಯುತ್ತದೆ. ಇಂಥದ್ದು ನಡೆದರೆ ಗೋಡೆಯ ಕೆಳಗೆ ಎಲ್ಲರೂ ನುಗ್ಗಬಾರದು. ದೊಡ್ಡವರನ್ನು ಕೂಗಿ, 112ಕ್ಕೆ ಕರೆ ಮಾಡಿ, ಜೆಸಿಬಿ ಲಾರಿಗಳನ್ನು ನಿಲ್ಲಿಸಿ, ಮೊದಲು ಮುಖ ಮತ್ತು ಎದೆಯ ಸುತ್ತಲಿನ ಉಸುಕನ್ನು ಕೈಯಿಂದ ಸರಿಸಬೇಕು.

ಹುಡುಗರು ಕುಸಿದ ಉಸುಕನ್ನು ಸ್ವಲ್ಪ ಹೊತ್ತು ನೋಡಿದರು. ಗುಂಡಿಯ ಮಾತು ಮತ್ತೆ ತೆಗೆಯಲಿಲ್ಲ. ಕೂರುವ ಹಲಗೆಯನ್ನು ಅವರಿಗೇ ಕೊಟ್ಟೆವು. ಈಗ ಹುಲ್ಲಿನ ಇಳಿಜಾರೊಂದರಲ್ಲಿ, ಕೆಳಗೆ ಒಬ್ಬನನ್ನು ಕಾಯಲು ನಿಲ್ಲಿಸಿ ಜಾರುತ್ತಾರೆ. ಉಸುಕಿನ ವೇಗ ಅಲ್ಲಿಲ್ಲ, ಆದರೆ ಸಂಜೆ ಎಲ್ಲರೂ ಮನೆಗೆ ಬರುತ್ತಾರೆ.

ಅಭ್ಯಾಸ

1. ನಿಮ್ಮ ಓಣಿಯಲ್ಲಿ ಈಗ ಇರುವ ಒಂದು ಉಸುಕಿನ ರಾಶಿಯನ್ನು ದೂರದಿಂದ ನೋಡಿ. ಯಾವ ಬದಿ ತಾನಾಗಿ ನಿಂತದ್ದು, ಯಾವ ಬದಿ ಕಡಿದದ್ದು ಎಂದು ಗುರುತಿಸಿ.

2. ಒಂದು ಗುಡ್ಡೆಯ ಬುಡದ ಅಗಲ 90 ಸೆಂಟಿಮೀಟರ್, ಎತ್ತರ 30 ಸೆಂಟಿಮೀಟರ್. ಅದರ ಟ್ಯಾನ್ ಬೆಲೆ ಎಷ್ಟು? ಅದೇ ಅಗಲಕ್ಕೆ ಎತ್ತರ 60 ಇದ್ದರೆ ಆ ಉಸುಕು ಒಣಗಿದೆಯೇ, ಒದ್ದೆ ಇದೆಯೇ? ಕಾರಣ ಕೊಡಿ.

3. ನೀವು ಕಳೆದ ವಾರ ‘ಪುಕ್ಕಟೆ’ ಎಂದು ಪಡೆದ ಒಂದು ವಸ್ತುವಿನ ಅವಕಾಶ ವೆಚ್ಚ ಬರೆಯಿರಿ.

4. ನಿಮ್ಮ ಮನೆಯ ಹತ್ತಿರ ಮುರುಮ್ ಗುಂಡಿ ಅಥವಾ ಕಟ್ಟಡದ ಉಸುಕಿನ ರಾಶಿ ಇದ್ದರೆ, ಬಕೆಟ್ ಪ್ರಯೋಗವನ್ನು ತಮ್ಮ ತಂಗಿಯರಿಗೆ ಈ ಭಾನುವಾರವೇ ಮಾಡಿ ತೋರಿಸಿ. ಈ ಪ್ರಶ್ನೆಗೆ ಉತ್ತರ ಬರೆಯುವುದು ಬೇಡ, ಮಾಡಿದರೆ ಸಾಕು.